ಹುಳ ಹುಡುಕುವ ಕೆಲಸ: ಒಂದು ಮನೆ, ಒಂದು ವರ್ಷ, ಒಂದು ಚೀಲ ಅವರೆಕಾಯಿ

ಈ ಹುಡುಗನನ್ನು ಇಲ್ಲಿ ಪುಟ್ಟ ಅಂತ ಕರೆಯುತ್ತೇನೆ. 7 ವರ್ಷ, ಎರಡನೇ ಕ್ಲಾಸು. ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ಮನೆ. ಅಮ್ಮ ಮನೆಯಲ್ಲೇ ಕೂತು ಕಂಪನಿ ಕೆಲಸ ಮಾಡುತ್ತಾರೆ. ಅಪ್ಪ ಮನೆ ಸೇರುವಾಗ ರಾತ್ರಿ ಎಂಟೂವರೆ. ಎರಡೂವರೆ ವರ್ಷದ ತಂಗಿ ಇದ್ದಾಳೆ. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಾಯಿಸಿದ್ದೇನೆ. ಅಪ್ಪ ಅಮ್ಮ ಓದಿ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ನಾನು ಮಕ್ಕಳ ಆಪ್ತಸಮಾಲೋಚಕಿ. ಈ ಪ್ರಕರಣ ಆರಿಸಿಕೊಂಡದ್ದು ಗೆದ್ದ ಕತೆ ಅಂತಲ್ಲ. ಇದರಲ್ಲಿ ನಾನು ಮಾಡಿದ ತಪ್ಪು ಈ ಕೆಲಸದಲ್ಲಿರುವ ಎಲ್ಲರೂ ಮಾಡುವಂಥದ್ದು, ಅದಕ್ಕೆ.

ಡೈರಿಯಲ್ಲಿ ಕೆಂಪು ಇಂಕು

ಜುಲೈನಲ್ಲಿ ಅಮ್ಮ ಮೊದಲ ಸಲ ಬಂದಾಗ ಶಾಲೆಯ ಡೈರಿ ತಂದಿದ್ದರು. ಹದಿನೈದು ದಿನದಲ್ಲಿ ಮೂರು ಸಲ ಒಂದೇ ದೂರು: ಬರೆಯುವುದಿಲ್ಲ, ಪಕ್ಕದವರಿಗೆ ಹೊಡೆಯುತ್ತಾನೆ. ಮೂರು ಸಾಲು ಬರೆಯುವಷ್ಟರಲ್ಲಿ ಪೆನ್ಸಿಲ್ ಕೆಳಗಿಡುತ್ತಾನೆ, ಇಲ್ಲವೇ ಅದರ ತುದಿ ಕಚ್ಚುತ್ತಾನೆ. ಓದಲು ತೊಂದರೆ ಇಲ್ಲ. ಬಾಯಲ್ಲಿ ಕೇಳಿದರೆ ಉತ್ತರ ಹೇಳುತ್ತಾನೆ.

ಮನೆಯ ದಿನಚರಿ ಕೇಳಿದೆ. ನಾಲ್ಕೂವರೆಗೆ ವ್ಯಾನ್ ಇಳಿಯುತ್ತಾನೆ. ಆ ಹೊತ್ತಿಗೆ ಅಮ್ಮನಿಗೆ ಮೀಟಿಂಗು. ಕೈಗೆ ಫೋನು. ಎಂಟರವರೆಗೆ ಅದೇ. ಆಮೇಲೆ ಹೋಮ್‌ವರ್ಕಿನ ಜಗಳ, ಊಟದ ಜಗಳ. ಮಲಗುವಾಗ ಹನ್ನೊಂದೂವರೆ, ಬೆಳಗ್ಗೆ ಆರೂವರೆಗೆ ಎಬ್ಬಿಸಬೇಕು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಇವನಿಗೆ ಸಿಗುತ್ತಿದ್ದದ್ದು 7.

"ಅವನು ಮನೇಲಿ ಇದ್ರೂ ಇಲ್ದಂಗೆ ಮೇಡಂ" ಅಂದರು ಅಮ್ಮ. ಆ ಮಾತನ್ನು ನಾನು ಆಗ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಫೋನಿನ ಬಗ್ಗೆ ಹೇಳುತ್ತಿದ್ದಾರೆ ಅಂದುಕೊಂಡೆ.

ಪಟ್ಟಿ ಕೊಟ್ಟವಳು ನಾನೇ

ಮೊದಲ ಸಲಹೆ ಫೋನ್ ತೆಗೆದಿಡುವುದು. ನಾಲ್ಕು ದಿನ ಅದು ಬೀರು ಸೇರಿತು. ಐದನೇ ದಿನ ಪುಟ್ಟ ತಂಗಿಯ ಕೈ ಕಚ್ಚಿದ. ಅಮ್ಮ ಅಳುತ್ತಾ ಫೋನ್ ಮಾಡಿದರು. ಬೀರು ಮತ್ತೆ ತೆರೆಯಿತು. ಮೂರೂವರೆ ಗಂಟೆ ಖಾಲಿ ಮಾಡಿಬಿಟ್ಟು, ಅಲ್ಲಿ ಏನು ಇಡಬೇಕು ಅಂತ ಯಾರೂ ಯೋಚಿಸಿರಲಿಲ್ಲ. ನಾನೂ ಸೇರಿ.

ಆಗ ಒಂದು ಪಟ್ಟಿ ಬರೆದುಕೊಟ್ಟೆ. ಹಬ್ಬಗಳ ಸಾಲು ಶುರುವಾಗುತ್ತಿತ್ತು. ಗಣಪತಿಗೆ ಮಣ್ಣಿನ ಗಣಪ, ನವರಾತ್ರಿಗೆ ಗೊಂಬೆ, ದೀಪಾವಳಿಗೆ ಆಕಾಶಬುಟ್ಟಿ. ಋತುವಿಗೊಂದು ಚಟುವಟಿಕೆ, ಮಗು ಮನೆಯವರ ಜತೆ ಕೂತು ಕೈಯಿಂದ ಮಾಡುವಂಥದ್ದು. ಕಾಗದದ ಮೇಲೆ ಬಲು ಚೆನ್ನಾಗಿತ್ತು.

ಅಮ್ಮ ಶ್ರದ್ಧೆಯಿಂದ ಎಲ್ಲ ಮಾಡಿದರು. ಜೇಡಿಮಣ್ಣಿನ ಕಿಟ್ ತರಿಸಿದರು. ಫ್ರಿಜ್ಜಿನ ಮೇಲೆ ಚಾರ್ಟು, ಮಾಡಿದರೆ ಒಂದು ಸ್ಟಾರು. ಪುಟ್ಟ ಮಾಡಿದ ಗಣಪನ ಸೊಂಡಿಲು ಜೋತು ಬೀಳುತ್ತಿತ್ತು. ಅಮ್ಮ ಸ್ವಲ್ಪ ನೇರ ಮಾಡಿದರು. ಆಮೇಲೆ ಹೊಟ್ಟೆ ಸರಿ ಮಾಡಿದರು. ಆಮೇಲೆ ಕಿವಿ. ಕೊನೆಗೆ ಚಂದದ ಗಣಪ ಬಂದ. ಮಗ ಮಾಡಿದ್ದು ಅಂತ ಬರೆದು ಫೋಟೋ ಹಾಕಿದರು, ಮೆಚ್ಚುಗೆ ರಾಶಿ ಬಿತ್ತು. ಮುಂದಿನ ಭೇಟಿಯಲ್ಲಿ ನಾನು ಪುಟ್ಟನನ್ನು ಕೇಳಿದೆ, "ಗಣಪ ಮಾಡಿದ್ಯಂತೆ?" ಅವನು ಕಿಟಕಿ ಕಡೆ ನೋಡುತ್ತಾ ಹೇಳಿದ: "ಅದು ಅಮ್ಮನ ಗಣಪ."

ನವರಾತ್ರಿಯಲ್ಲೂ ಅದೇ ಆಯಿತು. ಪಟ್ಟದ ಗೊಂಬೆ ಮುಟ್ಟುವಂತಿಲ್ಲ, ಅದು ಅಮ್ಮನ ತವರಿನದು. ಇವನು ಕೆಳಗಿನ ಮೆಟ್ಟಿಲಲ್ಲಿ ತನ್ನ ಕಾರುಗಳನ್ನು ಸಾಲಾಗಿ ನಿಲ್ಲಿಸಿದ. ನೆಂಟರು ಬರುವ ಮುಂಚೆ ಯಾರೋ ತೆಗೆದಿಟ್ಟರು. ಆಕಾಶಬುಟ್ಟಿಯ ಹೊತ್ತಿಗೆ ಅವನು ಬರುವುದೇ ಇಲ್ಲ ಅಂತ ಹೇಳಿಬಿಟ್ಟ. ಚಾರ್ಟಿನಲ್ಲಿ ಸ್ಟಾರು ನಿಂತವು.

ಅಮ್ಮನನ್ನು ದೂರಲು ಇಲ್ಲಿ ಏನೂ ಇಲ್ಲ. ನಾನು ಕೊಟ್ಟ ಪಟ್ಟಿಯೇ ಹಾಗಿತ್ತು. ಅದರಲ್ಲಿದ್ದ ಎಲ್ಲವೂ ಮಗುವಿಗೋಸ್ಕರ ಹುಟ್ಟಿಸಿದ ಕೆಲಸ. ಮಗು ಬರದಿದ್ದರೂ ಹಬ್ಬ ನಡೆಯುತ್ತಿತ್ತು, ಗಣಪ ಅಂಗಡಿಯಿಂದ ಬರುತ್ತಿದ್ದ. ಏಳು ವರ್ಷದ ಮಗುವಿಗೆ ಇದು ಗೊತ್ತಾಗುವುದಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ.

ಅಜ್ಜಿ ಬಂದದ್ದು ಕಣ್ಣಿಗೆ

ಕಾರ್ತಿಕ ಮಾಸದ ಕೊನೆಯಲ್ಲಿ, ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವ ವಾರ, ತುಮಕೂರು ಕಡೆಯಿಂದ ಅಪ್ಪನ ಅಮ್ಮ ಬಂದರು. ಎರಡು ಕಣ್ಣಿಗೂ ಪೊರೆ. ಒಂದು ಕಣ್ಣಿನ ಆಪರೇಷನ್ ಆಯಿತು. ಕಪ್ಪು ಕನ್ನಡಕ, ದಿನಕ್ಕೆ ಇಷ್ಟು ಸಲ ಡ್ರಾಪ್ಸು, ಹೊಗೆ ಧೂಳು ಸೋಕಬಾರದು, ಬಗ್ಗಬಾರದು. ಇನ್ನೊಂದು ಕಣ್ಣು ಫೆಬ್ರವರಿಗೆ. ಅಲ್ಲಿಯವರೆಗೆ ಊರಿಗೆ ಹೋಗುವ ಹಾಗಿಲ್ಲ. ಈ ಬರುವಿಕೆ ನನ್ನ ಯಾವ ಯೋಜನೆಯಲ್ಲೂ ಇರಲಿಲ್ಲ.

ಡಿಸೆಂಬರಿನಲ್ಲಿ ಅವರೆಕಾಯಿ ಶುರುವಾಯಿತು. ಹಿಮ ಬಿದ್ದು ಸೊಗಡು ಏರಿದ ಕಾಯಿ. ಅಜ್ಜಿ ಇದ್ದ ಮೇಲೆ ಅರ್ಧ ಕೆಜಿ ತರುವ ಮಾತೇ ಇಲ್ಲ, ಅಪ್ಪ ಒಂದು ಚೀಲ ತಂದು ಮನೆಯ ಹಾಲ್‌ನಲ್ಲಿ ಇಳಿಸಿದರು. ಅಜ್ಜಿಗೆ ನೆಲದ ಮೇಲೆ ಕೂರಲು ಆಗದು. ಕುರ್ಚಿಯಲ್ಲಿ ಕೂತು, ತೊಡೆ ಮೇಲೆ ಮೊರ ಇಟ್ಟುಕೊಂಡು, ಮುಂದಿನ ಟೀಪಾಯಿಯ ಮೇಲೆ ಪೇಪರ್ ಹಾಸಿ ಸುಲಿಯತೊಡಗಿದರು. ಅಮ್ಮ ಒಳಗೆ ಮೀಟಿಂಗಿನಲ್ಲಿ. ಪುಟ್ಟ ಸೋಫಾದಲ್ಲಿ ಫೋನ್ ಹಿಡಿದಿದ್ದ.

ಇದಾದ ಮೇಲಿನದನ್ನು ಅಜ್ಜಿಯೇ ನನಗೆ ಹೇಳಿದರು. ಪೇಪರಿನ ಮೇಲೆ ಒಂದು ಹಸಿರು ಹುಳ ನಡೆಯುತ್ತಿತ್ತು. ಅಜ್ಜಿಗೆ ಕಂಡಿಲ್ಲ. ಹುಡುಗ ಕಿರುಚಿದ, "ಅಜ್ಜೀ, ಹುಳ!"

"ಎಲ್ಲೈತೋ? ನಂಗೇನೂ ಕಾಣಂಗಿಲ್ಲ ಕಣಪ್ಪ. ನೀನೇ ಎತ್ತಾಕು."

ಅವನು ಬೆರಳಲ್ಲಿ ಮುಟ್ಟಲು ಹೆದರಿ, ಒಂದು ಸಿಪ್ಪೆಯ ಮೇಲೆ ಹುಳವನ್ನು ಹತ್ತಿಸಿ, ಹಾರ್ಲಿಕ್ಸ್ ಬಾಟಲಿಯ ಮುಚ್ಚಳಕ್ಕೆ ಬಿಟ್ಟ. ಅಜ್ಜಿ ಸುಲಿದ ಕಾಳಿನ ಬೋಗುಣಿಯನ್ನು ಅವನ ಕಡೆ ತಳ್ಳಿದರು. "ಇದ್ರಾಗೂ ಇರ್ಬೋದು. ತೂತು ಬಿದ್ದಿರೋ ಕಾಳು ಇದ್ರೆ ತೆಗಿ. ನಿಮ್ಮಪ್ಪಂಗೆ ಹುಳ ಬೇಯ್ಸಿ ಹಾಕಿದ್ರೆ ಬೈತಾನೆ."

ಮೀಟಿಂಗ್ ಮುಗಿಸಿ ಅಮ್ಮ ಹೊರಗೆ ಬಂದಾಗ ಸೋಫಾದಲ್ಲಿ ಫೋನ್ ಒಂದೇ ಮಲಗಿತ್ತು, ವಿಡಿಯೋ ತನ್ನಷ್ಟಕ್ಕೆ ಓಡುತ್ತಿತ್ತು. ಹುಡುಗ ಬೋಗುಣಿಯೊಳಗೆ ಮುಖ ಇಟ್ಟಿದ್ದ. ಮುಚ್ಚಳದಲ್ಲಿ ಏಳು ಹುಳ. ನಲವತ್ತು ನಿಮಿಷ ಆಗಿತ್ತು.

ಅಮ್ಮ ನನಗೆ ಆವತ್ತೇ ಫೋನ್ ಮಾಡಿದರು. ಫೋಟೋ ತೆಗೆದಿದ್ದೇನೆ, ಚಾರ್ಟಿನಲ್ಲಿ ಐದು ಸ್ಟಾರ್ ಹಾಕಲಾ ಅಂತ ಕೇಳಿದರು. ಇಲ್ಲಿ ನಾನು ಒಂದು ತೀರ್ಮಾನ ತೆಗೆದುಕೊಂಡೆ. ಇಡೀ ಪ್ರಕರಣದಲ್ಲಿ ನಾನು ಮಾಡಿದ ಸರಿಯಾದ ಕೆಲಸ ಅಂದರೆ ಬಹುಶಃ ಇದೊಂದೇ. ಸ್ಟಾರ್ ಬೇಡ, ಫೋಟೋ ಬೇಡ, ಭೇಷ್ ಅನ್ನುವುದೂ ಬೇಡ ಅಂದೆ. ಸಾರಿನಲ್ಲಿ ಹುಳ ಇಲ್ಲ ಅಂತ ಊಟಕ್ಕೆ ಕೂತಾಗ ಅಪ್ಪ ಹೇಳಿದರೆ ಸಾಕು. ಅಪ್ಪ ಹಾಗೇ ಹೇಳಿದರಂತೆ. ಪುಟ್ಟ ಎರಡು ಸಲ ಸಾರು ಹಾಕಿಸಿಕೊಂಡ. ಚಾರ್ಟು ಆ ವಾರ ಫ್ರಿಜ್ಜಿನಿಂದ ಇಳಿಯಿತು.

ಹಿತುಕುವುದು

ಮರುವಾರ ನಾನು ಅವರ ಮನೆಗೆ ಹೋದೆ. ಹಿಂದಿನ ರಾತ್ರಿ ನೆನೆಸಿದ ಕಾಳು ಉಬ್ಬಿ ಕೂತಿತ್ತು. ಹಿತುಕಿದ ಬೇಳೆ ಮಾಡುವುದನ್ನು ನೋಡಿದವರಿಗೆ ಗೊತ್ತು, ಅದು ಬೆರಳಿನ ಹದದ ಕೆಲಸ. ಕಾಳನ್ನು ಹೆಬ್ಬೆರಳು, ತೋರುಬೆರಳಿನ ಮಧ್ಯೆ ಹಿಡಿದು ಒಂದು ಕಡೆ ಒತ್ತಬೇಕು. ಒತ್ತು ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ. ಜಾಸ್ತಿಯಾದರೆ ಬೇಳೆ ಗುಂಡಿನ ಹಾಗೆ ಹಾರುತ್ತದೆ. ನೀರಿನಲ್ಲಿ ಜಾರುವುದರಿಂದ ನಡುಬೆರಳು ಕೆಳಗಿನಿಂದ ಆನಿಕೆ ಕೊಡಬೇಕು. ಪೆನ್ಸಿಲ್ ಹಿಡಿಯುವುದೂ ಈ ಮೂರು ಬೆರಳೇ.

ಪುಟ್ಟನ ಮೊದಲ ಬೇಳೆ ಟಿವಿಗೆ ಬಡಿಯಿತು. ಎರಡನೆಯದು ನನ್ನ ಕನ್ನಡಕಕ್ಕೆ. ಅಜ್ಜಿ ನಕ್ಕರು, "ಬಿಡು, ಆ ಮೇಡಂಗೂ ಒಂದಿಷ್ಟು ಕೊಟ್ಟಂಗಾಯ್ತು." ಹತ್ತು ನಿಮಿಷಕ್ಕೆ ಅವನ ಬಲಗೈ ಸೋತಿತು, ಎಡಗೈಗೆ ಬದಲಾಯಿಸಿದ. ಕೈ ಕೊಡವಿದ. ಮತ್ತೆ ಬಲಗೈ. ಎದ್ದು ಹೋಗಿ ನೀರು ಕುಡಿದು ಬಂದ. ಯಾರೂ ಕರೆಯಲಿಲ್ಲ, ಯಾರೂ ತಡೆಯಲಿಲ್ಲ. ಒಟ್ಟು ಇಪ್ಪತ್ತೈದು ನಿಮಿಷ. ಅಜ್ಜಿಯ ರಾಶಿ ಬೆಟ್ಟದ ಹಾಗೆ, ಇವನದು ಒಂದು ಹಿಡಿ. ಎರಡೂ ಒಂದೇ ಪಾತ್ರೆಗೆ ಬಿದ್ದವು.

ನನಗೆ ಆಗ ಎರಡು ವಿಷಯ ಕಂಡವು. ಒಂದು, ಅವನ ಕೈಯೇ ಬೇಗ ಸೋಲುತ್ತದೆ. ಬರೆಯದಿರುವುದು ಬರೀ ಹಟ ಅಲ್ಲ. ಐದು ತಿಂಗಳು ನಾನು ಇದನ್ನು ನಡವಳಿಕೆಯ ಸಮಸ್ಯೆ ಅಂತಲೇ ನೋಡಿದ್ದೆ. ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಬರೆಯುವುದು, ಗುಂಡಿ ಹಾಕುವುದು ಇಂಥ ದಿನನಿತ್ಯದ ಕೆಲಸಕ್ಕೆ ಕೈಯನ್ನು ತಯಾರು ಮಾಡುವವರ ಹತ್ತಿರ ತೋರಿಸಿ ಅಂತ ಅಂದೇ ಹೇಳಿದೆ. ಇನ್ನೊಂದು, ಸೋತರೂ ಅವನು ಕೋಪ ಮಾಡಿಕೊಳ್ಳಲಿಲ್ಲ. ಇದೇ ಕೈ ಪುಸ್ತಕದ ಮುಂದೆ ಸೋತರೆ ಪಕ್ಕದವನಿಗೆ ಹೊಡೆಯುತ್ತಿತ್ತು.

ಅಮೆರಿಕದ ಮನಶ್ಶಾಸ್ತ್ರಜ್ಞೆ ಬಾರ್ಬರಾ ರೋಗಾಫ್ ಗ್ವಾಟೆಮಾಲಾದ ಮಾಯಾ ಕುಟುಂಬಗಳಲ್ಲಿ ವರ್ಷಗಟ್ಟಲೆ ನೋಡಿ ಬರೆದದ್ದು ಹೆಚ್ಚು ಕಡಿಮೆ ಇದನ್ನೇ. ದೊಡ್ಡವರ ನಿಜವಾದ ಕೆಲಸದ ಪಕ್ಕದಲ್ಲಿ ಮಗುವಿಗೆ ಜಾಗ ಇದ್ದರೆ, ಅದು ನೋಡುತ್ತಾ ಕೈ ಹಾಕುತ್ತಾ ಕಲಿಯುತ್ತದೆ. ಕೂರಿಸಿ ಪಾಠ ಹೇಳಬೇಕಿಲ್ಲ. ಓದಿದ್ದೆ ನಾನು ಇದನ್ನು. ಓದಿಯೂ ಪಟ್ಟಿ ಬರೆದುಕೊಟ್ಟಿದ್ದೆ, ಅಲ್ವಾ!

ಸಂಕ್ರಾಂತಿಯಲ್ಲಿ ಎರಡು ಎಡವಟ್ಟು

ಜನವರಿಯಲ್ಲಿ ಎಳ್ಳು ಬೆಲ್ಲದ ತಯಾರಿ. ಕೊಬ್ಬರಿ, ಬೆಲ್ಲ ಹೆಚ್ಚುವುದು ಅಮ್ಮನ ಪಾಲು. ಹುರಿದ ಕಡಲೆಬೀಜ ಉಜ್ಜಿ ಸಿಪ್ಪೆ ಬಿಡಿಸುವುದು ಪುಟ್ಟನ ಪಾಲು. ಮೊರದಲ್ಲಿ ಕೇರಲು ಹೋಗಿ, ಬಾರದೆ, ಬಾಯಲ್ಲಿ ಊದಿ, ಹಾಲಿನ ತುಂಬಾ ಸಿಪ್ಪೆ ಹಾರಿಸಿದ. ಇದುವರೆಗೆ ಸರಿ.

ಮೊದಲ ಎಡವಟ್ಟು ನನ್ನದು. ಇಡೀ ಯೋಜನೆ ಪುಟ್ಟನ ಸುತ್ತ ಮಾಡಿದ್ದೆ. ಅದೇ ಹಾಲಿನಲ್ಲಿ ಇನ್ನೊಂದು ಮಗು ಓಡಾಡುತ್ತದೆ ಅಂತ ನೆನಪೇ ಇರಲಿಲ್ಲ. ತಂಗಿ ಒಂದು ಕಡಲೆಬೀಜ ಬಾಯಿಗೆ ಹಾಕಿಕೊಂಡಳು, ಕೆಮ್ಮು ಹತ್ತಿತು. ಅಮ್ಮ ಮಗುವನ್ನು ಬಗ್ಗಿಸಿ ಬೆನ್ನಿಗೆ ತಟ್ಟಿದ ಮೇಲೆ ಹೊರಗೆ ಬಂತು. ಏನೂ ಆಗಲಿಲ್ಲ, ಆದರೆ ಆಗಬಹುದಿತ್ತು. ನಾಲ್ಕೈದು ವರ್ಷದೊಳಗಿನ ಮಕ್ಕಳ ಕೈಗೆ ಇಡೀ ಕಡಲೆಬೀಜ ಸಿಗಬಾರದು. ಅದು ಶ್ವಾಸನಾಳಕ್ಕೆ ಹೋದರೆ ಉಸಿರು ಕಟ್ಟುತ್ತದೆ. ಆಮೇಲಿನಿಂದ ಕಾಳು ಬೀಜದ ಕೆಲಸ ಇದ್ದಾಗ ತಂಗಿಗೆ ಅಡುಗೆಮನೆಯಲ್ಲಿ ಕರಿಬೇವಿನ ಎಲೆ ಬಿಡಿಸುವ ಕೆಲಸ. ಮನೆಯಲ್ಲಿ ಎರಡು ಮಕ್ಕಳಿದ್ದರೆ ಯೋಜನೆಯೂ ಎರಡಿರಬೇಕು ಅನ್ನುವುದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಈಗ ದೊಡ್ಡ ಅಕ್ಷರದಲ್ಲಿದೆ.

ಎರಡನೆಯದು ಅಪ್ಪನದು. ರಜೆ ಹಾಕಿ ಕೂತಿದ್ದರು, ಉತ್ಸಾಹದಲ್ಲಿದ್ದರು. "ಒಂದು ಪೊಟ್ಟಣಕ್ಕೆ ನಾಲ್ಕು ಚಮಚ. ಹಾಗಾದ್ರೆ ಹನ್ನೊಂದು ಪೊಟ್ಟಣಕ್ಕೆ ಎಷ್ಟು? ಹೇಳು ನೋಡೋಣ." ಪುಟ್ಟ ಸುಮ್ಮನಾದ. ಮತ್ತೆ ಕೇಳಿದರು. "ನಾಲ್ಕರ ಮಗ್ಗಿ ಬರಲ್ವಾ?" ತಟ್ಟೆ ನೆಲಕ್ಕೆ ಬಿತ್ತು. ಹುಡುಗ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡ.

ಅಪ್ಪ ನನ್ನ ಹತ್ತಿರ ಬಂದು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. "ಸುಮ್ನೆ ಕೂತು ಕಡ್ಲೆಬೀಜ ಉಜ್ಜಿದ್ರೆ ಏನು ಬಂತು ಮೇಡಂ? ಜತೇಲಿ ಸ್ವಲ್ಪ ಲೆಕ್ಕಾನೂ ಕಲೀಲಿ ಅಂತ ಅಷ್ಟೇ." ವಾದ ಮಾಡಲಿಲ್ಲ. ನೀವು ಚಿಕ್ಕವರಿದ್ದಾಗ ಈ ಚಳಿಯಲ್ಲಿ ಏನು ಮಾಡುತ್ತಿದ್ದಿರಿ ಅಂತ ಕೇಳಿದೆ. ರಾಗಿ ಕಣದ ಮಾತು ಬಂತು. ರಾಶಿ ಕಾಯಲು ತಮ್ಮ ಅಪ್ಪನ ಜತೆ ಕಣದಲ್ಲೇ ಮಲಗುತ್ತಿದ್ದದ್ದು, ಹುಲ್ಲಿನ ಮೆದೆಯೊಳಗೆ ಗೂಡು ಮಾಡಿಕೊಂಡದ್ದು, ನರಿ ಕೂಗಿದಾಗ ಕಂಬಳಿ ಎಳೆದುಕೊಂಡದ್ದು. ಅರ್ಧ ಗಂಟೆ ಹೇಳಿದರು. ಆ ಕಣದಲ್ಲಿ ನಿಮ್ಮ ಅಪ್ಪ ಮಗ್ಗಿ ಕೇಳುತ್ತಿದ್ದರಾ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಅವರೇ ನಕ್ಕರು.

ಆ ರಾತ್ರಿ ಅವರು ಮಗನಿಗೆ ನರಿಯ ಕತೆ ಹೇಳಿದರಂತೆ. ಹಬ್ಬದ ದಿನ ಪುಟ್ಟ ಅಜ್ಜಿಯ ಕೈ ಹಿಡಿದು ಮೆಟ್ಟಿಲು ತೋರಿಸುತ್ತಾ ಹನ್ನೊಂದು ಮನೆಗೆ ಎಳ್ಳು ಬೆಲ್ಲ ಕೊಟ್ಟು ಬಂದ. ಪ್ರತಿ ಬಾಗಿಲಲ್ಲೂ ಬೆಲ್ ಒತ್ತಿದ್ದು ಅವನೇ. ಮೂರು ಮನೆ ಬಾಕಿ ಇದ್ದಾಗ ಪೊಟ್ಟಣ ಸಾಲುವುದಿಲ್ಲ ಅಂತ ಲೆಕ್ಕ ಹಾಕಿ ಹೇಳಿದ್ದೂ ಅವನೇ. ಕಾರಿಡಾರಿನಲ್ಲಿ ಒಳ್ಳೆ ಮಾತಾಡಿದನೋ ಇಲ್ಲವೋ ಗೊತ್ತಿಲ್ಲ, ಬೆಲ್ಲ ಮಾತ್ರ ಆರಿಸಿ ತಿನ್ನುತ್ತಿದ್ದನಂತೆ.

ಸಂಡಿಗೆ ಮತ್ತು ನಿದ್ದೆ

ನಿದ್ದೆಯ ವಿಷಯದಲ್ಲಿ ನಾನು ಹೇಳಿದ ಯಾವುದೂ ನಡೆದಿರಲಿಲ್ಲ. ದೀಪ ಆರಿಸಿ, ಬಿಸಿ ಹಾಲು ಕೊಡಿ, ಕತೆ ಓದಿ ಅಂತೆಲ್ಲ ಹೇಳಿ ಸೋತಿದ್ದೆ. ಏಪ್ರಿಲ್ ರಜೆಯಲ್ಲಿ ಅಜ್ಜಿ ಸಬ್ಬಕ್ಕಿ ಸಂಡಿಗೆ ಹಾಕುತ್ತೇನೆ ಅಂದರು. ತಾರಸಿಯ ಬೀಗ ತೆಗೆಸಲು ಅಪ್ಪ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಹತ್ತು ದಿನ ಜಗಳ ಆಡಿದರು. ಅವರಿಗೂ ಒಂದು ಪಾಲು ಸಿಕ್ಕ ಹಾಗಾಯಿತು.

ಸಂಡಿಗೆಗೆ ಬಿಸಿಲು ಕಾಯುವುದಿಲ್ಲ. ಐದೂವರೆಗೆ ಹಿಟ್ಟು ಕಾಯಿಸಿ, ಆರಕ್ಕೆ ತಾರಸಿಯಲ್ಲಿ ಶೀಟು ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಬಿಸಿಲು ಏರುವ ಮುಂಚೆ ಸೌಟಿನಲ್ಲಿ ಬಿಡಬೇಕು. ಆಮೇಲೆ ಕಾಗೆ ಕಾಯಬೇಕು. ಪುಟ್ಟನಿಗೆ ಕಪ್ಪು ಕೊಡೆ, ಒಂದು ಕೋಲು, ನೀರಿನ ಬಾಟಲಿ. ಐದೂವರೆಗೆ ಏಳಬೇಕಾದವನು ಮೂರನೇ ದಿನ ರಾತ್ರಿ ಒಂಬತ್ತಕ್ಕೆ ಊಟದ ತಟ್ಟೆಯ ಮುಂದೆಯೇ ತೂಕಡಿಸಿದ. ಬೆಳಗಿನ ಬೆಳಕು ದೇಹದ ಗಡಿಯಾರವನ್ನು ಸರಿ ಮಾಡುತ್ತದೆ ಅಂತ ನಾವು ಹೇಳುತ್ತಲೇ ಇರುತ್ತೇವೆ. ಅದನ್ನು ಜಾರಿಗೆ ತಂದದ್ದು ಕಾಗೆ.

ಒಂದು ದಿನ ತಾರಸಿಯಲ್ಲಿ ಅವನ ಜತೆ ಕೂತಿದ್ದೆ. ಅಜ್ಜಿ ದೂರದಿಂದ, "ಒಣಗೈತಾ ನೋಡೋ, ನಂಗೆ ಕಾಣಂಗಿಲ್ಲ" ಅಂತ ಕೂಗಿದರು. ಎರಡನೇ ಕಣ್ಣಿನ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಪುಟ್ಟ ನನ್ನ ಕಿವಿಯಲ್ಲಿ ಹೇಳಿದ: "ಅಜ್ಜಿಗೆ ಈಗ ಕಾಣುತ್ತೆ. ಸುಮ್ನೆ ಹೇಳ್ತಾರೆ." ಹೇಳಿ, ಎದ್ದು ಹೋಗಿ ಸಂಡಿಗೆ ಮಗುಚಿ ನೋಡಿದ.

ಏನಾಯಿತು, ಏನಾಗಲಿಲ್ಲ

ವಾರದ ದಿನಗಳಲ್ಲಿ ಫೋನು ಮೂರೂವರೆ ಗಂಟೆಯಿಂದ ಒಂದೂವರೆಗೆ ಇಳಿಯಿತು. ಸೊನ್ನೆ ಆಗಲಿಲ್ಲ, ಆಗಬೇಕು ಅಂತ ನಾನು ಹೇಳಲೂ ಇಲ್ಲ. ತಂಗಿಗೆ ಹೊಡೆಯುವುದು ಬಹಳ ಕಡಿಮೆಯಾಯಿತು. ರಜೆಯಲ್ಲಿ ಒಂಬತ್ತಕ್ಕೆ ಮಲಗಿದವನು ಶಾಲೆ ಶುರುವಾದ ಮೇಲೆ ಹತ್ತಕ್ಕೆ ನಿಂತ. ಅಕ್ಷರ ಇವತ್ತಿಗೂ ಕೋಳಿ ಕಾಲು. ಆಕ್ಯುಪೇಷನಲ್ ಥೆರಪಿ ನಡೆಯುತ್ತಿದೆ. ಥೆರಪಿಸ್ಟ್ ಮನೆಯ ಕೆಲಸಗಳನ್ನೆಲ್ಲ ಕೇಳಿ ಬರೆದುಕೊಂಡು, ಚಪಾತಿ ಹಿಟ್ಟು ನಾದುವುದು, ಒದ್ದೆ ಬಟ್ಟೆ ಹಿಂಡುವುದನ್ನು ಸೇರಿಸಿದರು.

ಇದೆಲ್ಲ ಅವರೆಕಾಯಿಯ ಮಹಿಮೆ ಅಂತ ಬರೆದರೆ ಸುಳ್ಳಾಗುತ್ತದೆ. ಜನವರಿಯಲ್ಲೇ ಅವನ ಕ್ಲಾಸ್ ಟೀಚರ್ ಬದಲಾದರು. ಹೊಸಬರು ಬಾಯಲ್ಲಿ ಉತ್ತರ ಹೇಳಲು ಬಿಟ್ಟರು, ಕೆಂಪು ಇಂಕು ನಿಂತಿತು. ಯಾವುದು ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ಹೇಳಲು ನನಗೆ ಆಗದು. ಅಜ್ಜಿ ಅನ್ನುವ ಮನುಷ್ಯರ ಪಾಲೂ ಇದೆ. ಜೂನ್‌ನಲ್ಲಿ ಅವರು ಊರಿಗೆ ಹೋದ ಮೇಲೆ ಎರಡು ವಾರ ಎಲ್ಲ ಹಿಂದಕ್ಕೆ ಹೋಯಿತು. ನಾಲ್ಕೂವರೆಗೆ ಮತ್ತೆ ಫೋನು, ಒಂದು ಸಲ ಮತ್ತೆ ತಂಗಿಗೆ ಪೆಟ್ಟು.

ಆಗ ಅಮ್ಮ ಹೊಸ ಪಟ್ಟಿ ಕೇಳಲಿಲ್ಲ. ನಾಲ್ಕೂವರೆಯಿಂದ ಐದೂವರೆಗೆ ಮೀಟಿಂಗ್ ಇಡಬೇಡಿ ಅಂತ ಆಫೀಸಿಗೆ ಬರೆದರು. ವಾರದಲ್ಲಿ ಮೂರು ದಿನ ಸಿಕ್ಕಿತು. ಆ ಹೊತ್ತಿಗೆ ತಮ್ಮ ಕೆಲಸವನ್ನೇ ಹಾಲಿಗೆ ತಂದರು: ಮಳೆಗೆ ಒಣಗದ ಬಟ್ಟೆ ಫ್ಯಾನಿನ ಕೆಳಗೆ ಹರವುವುದು, ಹಲಸಿನ ಬೀಜದ ಸಿಪ್ಪೆ ತೆಗೆಯುವುದು, ಸೊಪ್ಪು ಬಿಡಿಸುವುದು. ಮೊದಲ ಭೇಟಿಯಲ್ಲಿ ಅವರು ಹೇಳಿದ್ದ "ಇದ್ರೂ ಇಲ್ದಂಗೆ" ಅನ್ನುವ ಮಾತು ನನಗೆ ಅರ್ಥವಾದದ್ದು ಇಲ್ಲಿ. ಆ ಮನೆಯ ಸಂಜೆಯಲ್ಲಿ ಅವನಿಲ್ಲದೆ ನಿಲ್ಲುವ ಕೆಲಸ ಒಂದೂ ಇರಲಿಲ್ಲ.

ಈಗ ನನ್ನ ಹತ್ತಿರ ಬರುವವರಿಗೆ ಚಟುವಟಿಕೆ ಹೇಳುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಈ ತಿಂಗಳು ನಿಮ್ಮ ಮನೆಯಲ್ಲಿ ಹೇಗೂ ಮಾಡಲೇಬೇಕಾದ ಕೆಲಸ ಯಾವುದು? ಹೆಚ್ಚಿನವರು ಮೊದಲು ಏನೂ ಇಲ್ಲ ಅನ್ನುತ್ತಾರೆ. ಮಾರ್ಕೆಟ್ಟಿನಿಂದ ಏನು ತರುತ್ತೀರಿ ಅಂತ ಕೇಳಿದರೆ ನೆನಪಾಗುತ್ತದೆ. ಜತೆಗೆ ಇನ್ನೊಂದು ಮಾತೂ ಹೇಳುತ್ತೇನೆ. ಮಗು ಕಲಿತಿದ್ದ ಮಾತು, ನಡಿಗೆ, ಕೈಕೆಲಸ ಹಿಂದಕ್ಕೆ ಹೋಗುತ್ತಿದ್ದರೆ, ತನಗೇ ನೋವು ಮಾಡಿಕೊಳ್ಳುತ್ತಿದ್ದರೆ, ವಾರಗಟ್ಟಲೆ ಊಟ ನಿದ್ದೆ ಬಿಟ್ಟರೆ ಸಂಡಿಗೆ ಹಾಕುತ್ತಾ ಕಾಯಬಾರದು, ಮಕ್ಕಳ ಡಾಕ್ಟರಿಗೆ ತೋರಿಸಬೇಕು. ಯಾರನ್ನು ಕೇಳಬೇಕು ಅಂತ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಡಿಸೆಂಬರಿನಲ್ಲಿ ಅಮ್ಮನ ಧ್ವನಿ ಸಂದೇಶ ಬಂತು. ಹಿಂದೆ ಅವರೆಕಾಯಿ ಸಿಪ್ಪೆ ಮುರಿಯುವ ಸದ್ದು. ಈ ಸಲ ಬೋಗುಣಿ ತಂಗಿಯ ಮುಂದಿದೆಯಂತೆ. ಅವಳಿಗೆ ಹುಳ ಕಂಡರೆ ಮುಟ್ಟದೆ ಅಣ್ಣನನ್ನು ಕರೆಯಬೇಕಂತೆ, ಹಾಗಂತ ಅವನೇ ಹೇಳಿಕೊಟ್ಟಿದ್ದಾನೆ. ಮಾತು ಮುಗಿಯುವ ಮುಂಚೆ ಹಿಂದಿನಿಂದ ಜಗಳ ಕೇಳಿಸಿತು. ಅವಳು ಹುಳ ಮುಟ್ಟಿಬಿಟ್ಟಿದ್ದಳು.